ನ್ಯಾಯನಿಷ್ಠ ರಾಮಶಾಸ್ತ್ರಿಗಳು

ಪುಣೆಯಿಂದ ಅಹಿಲ್ಯಾನಗರಕ್ಕೆ, ಎಂದರೆ ಹಿಂದಿನ ಅಹಮದನಗರಕ್ಕೆ, ಹೋಗುವ ಹೆದ್ದಾರಿಯಲ್ಲಿ ಸುಮಾರು ೫೦ ಕಿಲೋಮೀಟರು ಸಾಗಿದರೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಈ ಊರಿಗೆ ನಮ್ಮಲ್ಲಿ ಅನೇಕರು ತಂದೆತಾಯಿಗಳೊಡನೆ ಹೋಗಿ ಮಹಾಗಣಪತಿಯ ದರ್ಶನ ಪಡೆದು ಬಂದಿದ್ದೇವೆ. ಈಗ ಊರಿನ ಬಳಿಯಲ್ಲಿ ದೊಡ್ಡ ಕೈಗಾರಿಕಾ ವಸಾಹತು ಬೆಳೆದು ನಿಂತಿದೆ. ಆದರೂ ದೇವಾಲಯದ ಒಳಗೆ ಕಾಲಿಟ್ಟೊಡನೆ ಮನಸ್ಸು ಎರಡೂವರೆ ಶತಮಾನ ಹಿಂದಕ್ಕೆ ಸರಿಯುತ್ತದೆ. ಮೊದಲನೆಯ ಮಾಧವರಾವ ಪೇಶವೆಯವರು ದಂಡಯಾತ್ರೆಯ ದಾರಿಯಲ್ಲಿ ಇಲ್ಲಿ ನಿಂತು ಪೂಜೆ ಸಲ್ಲಿಸುತ್ತಿದ್ದರೆಂದೂ, ಮೂರ್ತಿಗಾಗಿ ನೆಲಮನೆಯ ಗರ್ಭಗೃಹವನ್ನು ಕಟ್ಟಿಸಿದವರು ಅವರೇ ಎಂದೂ ಕ್ಷೇತ್ರದ ಜನರು ಹೇಳುತ್ತಾರೆ.

ಇಂಥ ದೈವಭಕ್ತನಾದ ಪ್ರಭುವಿನ ಎದುರಿಗೆ ನಿಂತು, ಆಳುವವನಿಗೆ ಪೂಜೆಗಿಂತ ಪ್ರಜೆಗಳ ದೂರನ್ನು ಕೇಳುವದೇ ಹಿರಿದಾದ ಧರ್ಮವೆಂದು ಅಂಜದೆ ತಿಳಿಸಿದ ಒಬ್ಬ ವ್ಯಕ್ತಿ ಪುಣೆಯಲ್ಲಿದ್ದರು. ಅವರಲ್ಲಿ ಸೈನ್ಯವಿರಲಿಲ್ಲ, ಕೋಟೆಯಿರಲಿಲ್ಲ, ಮನೆಯಲ್ಲಿ ನಾಳೆಗೆ ಬೇಕಾದ ಧಾನ್ಯ ಕೂಡ ಇರುತ್ತಿರಲಿಲ್ಲವಂತೆ. ಆದರೂ ಅಟಕದವರೆಗೆ ಕುದುರೆಗಳನ್ನು ಓಡಿಸಿದ ಮರಾಠಾ ರಾಜ್ಯದ ಸರದಾರರು ಅವರ ಹೆಸರು ಕೇಳಿದರೆ ತಗ್ಗಿ ನಡೆಯುತ್ತಿದ್ದರು. ಅವರೇ ಪೇಶವೆಯರ ಮುಖ್ಯ ನ್ಯಾಯಾಧೀಶರಾದ ರಾಮಶಾಸ್ತ್ರೀ ಪ್ರಭುಣೆಯವರು. ನಿಷ್ಪಕ್ಷಪಾತವಾದ ನಡತೆಯನ್ನು ಮರಾಠೀ ಜನರು ಇಂದಿಗೂ ರಾಮಶಾಸ್ತ್ರೀ ಬಾಣಾ ಎಂದೇ ಕರೆಯುತ್ತಾರೆ. ಪುಣೆಯಲ್ಲಿ ಓದುತ್ತಿರುವ ಕನ್ನಡ ವಿದ್ಯಾರ್ಥಿಗಳಾದ ನಾವು ಈ ಮಹನೀಯರ ಜೀವನವನ್ನು ಅವಶ್ಯವಾಗಿ ಅರಿತುಕೊಳ್ಳಬೇಕು. ಏಕೆಂದರೆ ರಾಜ್ಯವೊಂದರ ಅತ್ಯುಚ್ಚ ನ್ಯಾಯಪೀಠದ ಬಲ ಯಾತರಲ್ಲಿದೆ ಎಂಬ ಪ್ರಶ್ನೆಗೆ ಅವರ ಬಾಳೇ ಒಂದು ಉತ್ತರವಾಗಿದೆ.

ರಾಮಶಾಸ್ತ್ರಿಗಳು ಹುಟ್ಟಿದ್ದು ಸಾತಾರಾ ಪಟ್ಟಣದ ಸಮೀಪದಲ್ಲಿರುವ ಮಾಹುಲಿ ಎಂಬ ಕ್ಷೇತ್ರದಲ್ಲಿ. ಅಲ್ಲಿ ನಮ್ಮ ಕೃಷ್ಣೆಗೆ ವೆಣ್ಣಾ ನದಿ ಬಂದು ಕೂಡುತ್ತದೆ. ಸಾಂಗಲಿಯನ್ನು ದಾಟಿ ಕನ್ನಡನಾಡನ್ನು ಹೊಗುವ ನೀರು ಮೊದಲು ಆ ಸಂಗಮದ ಮೆಟ್ಟಲುಗಳನ್ನು ತೊಳೆದು ಬರುತ್ತದೆ. ಬಡ ಬ್ರಾಹ್ಮಣ ಕುಟುಂಬ. ತಂದೆ ಬೇಗ ತೀರಿಕೊಂಡರು. ಓದುವ ವಯಸ್ಸಿನಲ್ಲಿ ಹುಡುಗನಿಗೆ ಓದು ದೊರೆಯಲಿಲ್ಲ. ಸಾತಾರೆಯ ಒಬ್ಬ ಸಾಹುಕಾರರ ಮನೆಯಲ್ಲಿ ಆತ ಊಳಿಗಕ್ಕೆ ನಿಂತನು.

ಇಲ್ಲಿ ಒಂದು ಕಥೆ ಬಹು ಪ್ರಸಿದ್ಧವಾಗಿದೆ. ಒಂದು ದಿನ ಹುಡುಗನು ಧನಿಯ ಕಾಲಿಗೆ ನೀರೆರೆಯುತ್ತಿದ್ದಾಗ, ಅವರ ಕಿವಿಯಲ್ಲಿ ಹೊಳೆಯುತ್ತಿದ್ದ ಮುತ್ತಿನ ಒಂಟಿಯ ಮೇಲೆ ಅವನ ಕಣ್ಣು ನೆಟ್ಟಿತು. ನೀರು ಕಾಲು ಬಿಟ್ಟು ನೆಲಕ್ಕೆ ಬಿತ್ತು. ಇಂಥ ಆಭರಣ ಧರಿಸಬೇಕಾದರೆ ವಿದ್ಯೆ ಬೇಕು, ಇಲ್ಲವೆ ಪರಾಕ್ರಮ ಬೇಕು, ನೀರು ಹೊರುವವನಿಗೆ ಅದು ಏಕೆಂದು ಸಾಹುಕಾರರು ಹಂಗಿಸಿದರಂತೆ. ಆ ಮಾತು ಹುಡುಗನ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಆತ ಊಳಿಗವನ್ನು ಬಿಟ್ಟು, ವಿದ್ಯೆಯನ್ನು ಅರಸುತ್ತ ದೂರದ ಕಾಶಿಗೆ ಹೊರಟನು. ಆಗ ಅವನಿಗೆ ಸುಮಾರು ಇಪ್ಪತ್ತು ವರ್ಷವಾಗಿತ್ತೆಂದು ಹೇಳುತ್ತಾರೆ. ಆ ವಯಸ್ಸಿನಲ್ಲಿ ಅಕ್ಷರಗಳನ್ನು ತಿದ್ದಲು ಕುಳಿತವನು ಮುಂದೆ ರಾಜ್ಯಕ್ಕೇ ಧರ್ಮಾಧರ್ಮಗಳನ್ನು ತಿಳಿಸುವ ಪಂಡಿತನಾದನೆಂಬದನ್ನು, ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದುದಕ್ಕಾಗಿ ಮನಗುಂದುವ ನಮ್ಮಂಥವರು ನೆನಪಿನಲ್ಲಿಡಬೇಕು.

ಕಾಶಿಯಲ್ಲಿ ಅವರು ಬಾಳಂಭಟ್ಟ ಪಾಯಗುಂಡೆ ಎಂಬ ಮಹಾಪಂಡಿತರಲ್ಲಿ ಧರ್ಮಶಾಸ್ತ್ರವನ್ನು ಕಲಿತರೆಂದು ಮರಾಠೀ ಬರಹಗಾರರು ಹೇಳುತ್ತಾರೆ. ಈ ಮಾತು ಕನ್ನಡಿಗರಾದ ನಮ್ಮ ಕಿವಿಗೆ ವಿಶೇಷವಾಗಿ ಹಿತವಾಗುತ್ತದೆ. ಬಾಳಂಭಟ್ಟರ ಹೆಸರಿನಲ್ಲಿ ಪ್ರಸಿದ್ಧವಾದ ಬಾಳಂಭಟ್ಟೀ ಎಂಬ ಗ್ರಂಥವು ಮಿತಾಕ್ಷರಾ ಎಂಬ ಹಳೆಯ ಗ್ರಂಥಕ್ಕೆ ಬರೆದ ವ್ಯಾಖ್ಯಾನ. ಆ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಕಲ್ಯಾಣವೆಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕನ್ನಡ ನೆಲದಲ್ಲಿ ಹುಟ್ಟಿದ ಆ ಗ್ರಂಥವು ಬಂಗಾಲದಂಥ ಕೆಲವೇ ಭಾಗಗಳನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಆಸ್ತಿಪಾಸ್ತಿಯ ವ್ಯಾಜ್ಯಗಳಿಗೆ ಆಧಾರವಾಗಿತ್ತು. ಪುಣೆಯ ನ್ಯಾಯಪೀಠದಲ್ಲಿಯೂ ಅಣ್ಣತಮ್ಮಂದಿರ ಪಾಲಿನ ಜಗಳ ಬಂದಾಗ ಪಂಡಿತರು ನೋಡುತ್ತಿದ್ದುದು ಈ ಗ್ರಂಥವನ್ನೇ.

ವಿದ್ಯೆ ಮುಗಿಸಿ ಮರಳಿದ ರಾಮಶಾಸ್ತ್ರಿಗಳು ೧೭೫೧ರಲ್ಲಿ ಪೇಶವೆಯರ ಸೇವೆಗೆ ಸೇರಿ, ಶಾಸ್ತ್ರಿಗಳ ವರ್ಗದಲ್ಲಿ ಕೆಲಸ ಮಾಡತೊಡಗಿದರು. ಆಗ ನಾನಾಸಾಹೇಬರೆಂದು ಹೆಸರಾದ ಬಾಳಾಜಿ ಬಾಜೀರಾವ ಪೇಶವೆಯವರ ಆಳಿಕೆ. ಎಂಟು ವರ್ಷಗಳ ತರುವಾಯ, ೧೭೫೯ರಲ್ಲಿ, ಅವರು ಪುಣೆಯ ಮುಖ್ಯ ನ್ಯಾಯಾಧೀಶರಾಗಿ ನಿಯಮಿಸಲ್ಪಟ್ಟರು. ಕಾಲಿಗೆ ನೀರೆರೆದ ಹುಡುಗನಿಗೆ ಪಾಲಕಿಯ ಮರ್ಯಾದೆ ಬಂದಿತು.

ಆಗಿನ ನ್ಯಾಯದಾನದ ಕ್ರಮವನ್ನು ನಾವು ಸ್ವಲ್ಪ ತಿಳಿಯುವದು ಅವಶ್ಯ. ಹಳ್ಳಿಯಲ್ಲಿ ಜಗಳವಾದರೆ ಮೊದಲು ಪಾಟೀಲನು ರಾಜಿ ಮಾಡಿಸಲು ನೋಡುತ್ತಿದ್ದನು; ಆಗದಿದ್ದರೆ ಊರ ಪಂಚರನ್ನು ಕೂಡಿಸುತ್ತಿದ್ದನು. ಅಲ್ಲಿ ಸಮಾಧಾನವಾಗದವರು ಮಾಮಲೇದಾರನ ಬಳಿಗೆ ಹೋಗುತ್ತಿದ್ದರು. ಅಲ್ಲಿಯೂ ಬಗೆಹರಿಯದ ವ್ಯಾಜ್ಯ ಪುಣೆಯ ಹುಜೂರ ನ್ಯಾಯಾಧೀಶರ ಮುಂದೆ ಬರುತ್ತಿತ್ತು. ಅದಕ್ಕಿಂತ ಮೇಲೆ ಪೇಶವೆಯರೊಬ್ಬರೇ. ವಿಚಾರಣೆಯ ಮೊದಲು ವಾದಿ ಪ್ರತಿವಾದಿಗಳಿಬ್ಬರೂ, ಪಂಚರು ಕೊಡುವ ತೀರ್ಪಿಗೆ ತಾವು ಬದ್ಧರು ಎಂದು ಒಪ್ಪಿಗೆಯ ಪತ್ರವನ್ನು ಬರೆದು ಕೊಡಬೇಕಾಗಿತ್ತು. ಆ ಒಪ್ಪಿಗೆಗೆ ರಾಜೀನಾಮೆ ಎಂದು ಹೆಸರು. ಈಗ ನಾವು ಕೆಲಸ ಬಿಡುವ ಪತ್ರಕ್ಕೆ ಬಳಸುವ ಶಬ್ದವು ಆಗ ನ್ಯಾಯಕ್ಕೆ ತಲೆಬಾಗುವ ಪತ್ರಕ್ಕೆ ಸಲ್ಲುತ್ತಿತ್ತು. ಮಾತು ಮೀರದಂತೆ ಇಬ್ಬರಿಂದಲೂ ಜಾಮೀನು ಪಡೆಯುತ್ತಿದ್ದರು. ಆಮೇಲೆ ಹೇಳಿಕೆಗಳನ್ನು ಬರೆದುಕೊಂಡು, ಸಾಕ್ಷಿಗಳನ್ನು ವಿಚಾರಿಸಿ, ಹಳೆಯ ಕಾಗದಪತ್ರಗಳನ್ನು ನೋಡಿ, ಎಲ್ಲದರ ಸಾರಾಂಶವನ್ನು ಸಿದ್ಧಪಡಿಸುತ್ತಿದ್ದರು. ಗೆದ್ದವನಿಗೆ ಜಯಪತ್ರ ಸಿಗುತ್ತಿತ್ತು. ಗೆದ್ದವನು ಹರಕೀ ಎಂಬ ಕಾಣಿಕೆಯನ್ನೂ ಸೋತವನು ಗುನ್ಹೇಗಾರೀ ಎಂಬ ದಂಡವನ್ನೂ ಸರಕಾರಕ್ಕೆ ಸಲ್ಲಿಸಬೇಕಾಗಿತ್ತು.

ಈ ವ್ಯವಸ್ಥೆಯಲ್ಲಿ ಒಂದು ವಿಷಯವನ್ನು ಲಕ್ಷ್ಯದಲ್ಲಿಡಬೇಕು. ನ್ಯಾಯಾಧೀಶನ ಕೈಯಲ್ಲಿ ಖಡ್ಗವಿರಲಿಲ್ಲ. ತೀರ್ಪನ್ನು ನಡೆಸಿಕೊಡಬೇಕಾದವರು ಪೇಶವೆಯರು, ಅವರ ಕಾರಭಾರಿಗಳು, ಅವರ ಸಿಪಾಯಿಗಳು. ಬಡವನು ಬಲಿಷ್ಠ ಸರದಾರನ ಮೇಲೆ ದೂರು ತಂದಾಗ, ನ್ಯಾಯಾಧೀಶನು ಅಂಜಿದರೆ ಅಥವಾ ಲಂಚಕ್ಕೆ ಕೈಯೊಡ್ಡಿದರೆ ಕಾಗದಪತ್ರಗಳೆಲ್ಲ ಬರಿಯ ಕಾಗದಗಳೇ ಆಗುತ್ತಿದ್ದವು. ಆ ಪೀಠಕ್ಕೆ ಬಲ ಬರಬೇಕಾದರೆ ಅದರ ಮೇಲೆ ಕುಳಿತವನ ನಡತೆಯಿಂದಲೇ ಬರಬೇಕಾಗಿತ್ತು. ರಾಮಶಾಸ್ತ್ರಿಗಳು ಇದನ್ನು ಚೆನ್ನಾಗಿ ಅರಿತಿದ್ದರು.

೧೭೬೧ರಲ್ಲಿ ಪಾಣಿಪತದ ಯುದ್ಧದಲ್ಲಿ ಮರಾಠರಿಗೆ ಭೀಕರವಾದ ಸೋಲಾಯಿತು. ಆ ದುಃಖದಲ್ಲಿಯೇ ನಾನಾಸಾಹೇಬರು ತೀರಿಕೊಂಡರು. ಅವರ ಮಗ ಮಾಧವರಾಯರು ೧೬ ವರ್ಷದ ಎಳೆಯ ವಯಸ್ಸಿನಲ್ಲಿ ಪೇಶವೆಯಾದರು. ಇವರೇ ಮುಂದೆ ಹೈದರ ಅಲಿಯ ಮೇಲೆ ಹಲವು ಸಲ ದಂಡೆತ್ತಿ ಬಂದು, ಸಿರಾ, ನಿಜಗಲ್ಲುಗಳವರೆಗೆ ಕನ್ನಡನಾಡಿನಲ್ಲಿ ಕಾದಾಡಿದವರು. ಬುದ್ಧಿವಂತರು, ಶೂರರು, ಆದರೆ ಎಳೆಯ ಅರಸರು. ಅವರಿಗೆ ರಾಮಶಾಸ್ತ್ರಿಗಳು ನ್ಯಾಯಾಧೀಶರಷ್ಟೇ ಅಲ್ಲ, ಗುರುವಿನಂತೆಯೂ ಇದ್ದರು.

ಒಂದು ಕಾಲದಲ್ಲಿ ಮಾಧವರಾಯರು ಜಪತಪಗಳಲ್ಲಿ ಬಹಳ ಹೊತ್ತು ಕಳೆಯತೊಡಗಿದರು. ಒಂದು ದಿನ ರಾಮಶಾಸ್ತ್ರಿಗಳು ಕೆಲಸದ ಕಾಗದಗಳನ್ನು ಹಿಡಿದು ಬಂದಾಗ ಪೇಶವೆಯವರು ಮೌನದಲ್ಲಿ ಜಪಕ್ಕೆ ಕುಳಿತಿದ್ದರು. ಶಾಸ್ತ್ರಿಗಳು ಮಾತಿಲ್ಲದೆ ಮರಳಿದರು. ಮರುದಿನ ಬಂದು, ತಮಗೆ ಕಾಶಿಗೆ ಹೋಗಲು ಅಪ್ಪಣೆಯಾಗಬೇಕೆಂದು ಬಿನ್ನವಿಸಿದರು. ಮಾಧವರಾಯರು ತಮ್ಮ ತಪ್ಪನ್ನು ಊಹಿಸಿ, ಬ್ರಾಹ್ಮಣನಾದವನು ಜಪ ಮಾಡುವದು ದೋಷವಲ್ಲವಲ್ಲ ಎಂದು ಸಮಾಧಾನ ಹೇಳಲು ನೋಡಿದರು. ಬ್ರಾಹ್ಮಣಧರ್ಮವನ್ನೇ ನಡೆಸುವದಾದರೆ ಇಬ್ಬರೂ ಕೂಡಿ ಗಂಗಾತೀರಕ್ಕೆ ಹೋಗೋಣ, ರಾಜ್ಯವನ್ನು ಆಳುವದಾದರೆ ಪ್ರಜೆಗಳ ಕಷ್ಟವನ್ನು ಕೇಳುವದೇ ಜಪ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂಬ ಅರ್ಥದಲ್ಲಿ ಶಾಸ್ತ್ರಿಗಳು ಉತ್ತರ ಕೊಟ್ಟರು. ಮಾಧವರಾಯರು ಅಂದಿನಿಂದ ಆ ರೂಢಿಯನ್ನು ಬಿಟ್ಟುಬಿಟ್ಟರು. ಮರಾಠರ ಇತಿಹಾಸವನ್ನು ೧೮೨೬ರಲ್ಲಿ ಪ್ರಕಟಿಸಿದ ಗ್ರಾಂಟ್ ಡಫ್ ಎಂಬ ಆಂಗ್ಲ ಅಧಿಕಾರಿಯು ಈ ಸಂಗತಿಯನ್ನು ಬರೆದಿಟ್ಟಿದ್ದಾನೆ. ಹಳ್ಳಿಯ ಜನರನ್ನು ಹಿಡಿದು ತಂದು ಕೂಲಿಯಿಲ್ಲದೆ ಹೊರೆ ಹೊರಿಸುವ ಬಿಟ್ಟಿ ಕೆಲಸವನ್ನು ನಿಲ್ಲಿಸಿದ ಕೀರ್ತಿ ಮಾಧವರಾಯರಿಗೆ ಸಲ್ಲುತ್ತದೆ. ಇಂಥ ಗುರು ಪಕ್ಕದಲ್ಲಿದ್ದುದರ ಫಲವನ್ನು ಅದರಲ್ಲಿಯೂ ನಾವು ಕಾಣಬಹುದು.

ಶಾಸ್ತ್ರಿಗಳ ಮನೆವಾರ್ತೆ ತೀರ ಸರಳವಾಗಿತ್ತು. ದಿನದ ಊಟಕ್ಕೆ ಬೇಕಾದುದಕ್ಕಿಂತ ಹೆಚ್ಚು ಕಾಳುಕಡಿ ಅವರ ಮನೆಯಲ್ಲಿ ಇರುತ್ತಿರಲಿಲ್ಲವೆಂದು ಪ್ರಸಿದ್ಧಿ. ಅವರ ಪತ್ನಿಯ ಬಗೆಗೆ ಜನರು ಹೇಳುವ ಕಥೆಯೊಂದಿದೆ. ಆಕೆ ಒಮ್ಮೆ ಪೇಶವೆಯರ ವಾಡೆಗೆ ಹೋದಾಗ, ಮಾಧವರಾಯರ ಪತ್ನಿ ರಮಾಬಾಯಿಯವರು ಆಕೆಯ ಸಾದಾ ಉಡಿಗೆಯನ್ನು ಕಂಡು ಮರುಗಿ, ಬೆಲೆಯುಳ್ಳ ಸೀರೆ ಉಡಿಸಿ, ಒಡವೆ ತೊಡಿಸಿ, ಪಾಲಕಿಯಲ್ಲಿ ಮನೆಗೆ ಕಳಿಸಿದರು. ಬಾಗಿಲಲ್ಲಿ ನಿಂತ ಶಾಸ್ತ್ರಿಗಳು, ಈ ಶ್ರೀಮಂತ ಬಾಯಿಯವರು ಮನೆ ತಪ್ಪಿ ಬಂದಿರಬೇಕೆಂದು ಬೋಯಿಗಳಿಗೆ ಹೇಳಿ ಕದವಿಕ್ಕಿಕೊಂಡರಂತೆ. ಪತಿಯ ಮನಸ್ಸನ್ನು ಅರಿತ ಆಕೆ ಹಿಂದಿರುಗಿ ಹೋಗಿ, ತನ್ನ ಹಳೆಯ ಸೀರೆಯನ್ನುಟ್ಟು ಕಾಲ್ನಡಿಗೆಯಿಂದ ಮನೆಗೆ ಬಂದಳು. ಇನ್ನೊಂದು ಕಥೆಯೂ ಉಂಟು. ಶ್ರಾವಣ ಮಾಸದಲ್ಲಿ ಪೇಶವೆಯರು ವಿದ್ವಾಂಸರಿಗೆ ದಕ್ಷಿಣೆ ಹಂಚುತ್ತಿದ್ದರು. ಒಂದು ವರ್ಷ ಶಾಸ್ತ್ರಿಗಳ ಸಹೋದರನೇ ಸಾಲಿನಲ್ಲಿ ಬಂದು ನಿಂತನು. ಪಕ್ಕದಲ್ಲಿದ್ದ ನಾನಾ ಫಡ್ನವೀಸರು ಆತನಿಗೆ ಹೆಚ್ಚು ಕೊಡೋಣವೆಂದರು. ಈತನ ವಿದ್ಯೆಗೆ ಸಲ್ಲುವಷ್ಟನ್ನೇ ಸರಕಾರ ಕೊಡಲಿ, ಸಹೋದರನೆಂಬ ಪ್ರೀತಿಗೆ ಕೊಡಬೇಕಾದುದನ್ನು ಮನೆಯಲ್ಲಿ ತಾವೇ ಕೊಡುವದಾಗಿ ಶಾಸ್ತ್ರಿಗಳು ಹೇಳಿದರಂತೆ. ಇವು ಜನರ ಬಾಯಲ್ಲಿ ಬೆಳೆದ ಕಥೆಗಳಿರಬಹುದು. ಆದರೆ ಜನರು ಇಂಥ ಕಥೆಗಳನ್ನು ಎಲ್ಲರ ಮೇಲೆ ಕಟ್ಟುವದಿಲ್ಲ.

ಈಗ ಅವರ ಜೀವನದ ಅತಿ ದೊಡ್ಡ ಪ್ರಸಂಗಕ್ಕೆ ಬರೋಣ. ಮಾಧವರಾಯರು ಕ್ಷಯರೋಗದಿಂದ ಬಳಲಿ, ೧೭೭೨ರ ನವೆಂಬರ ೧೮ರಂದು, ಮತ್ತೊಂದು ಅಷ್ಟವಿನಾಯಕ ಕ್ಷೇತ್ರವಾದ ಥೇವೂರಿನಲ್ಲಿ, ಗಣಪತಿಯ ಸನ್ನಿಧಿಯಲ್ಲಿಯೇ ಪ್ರಾಣ ಬಿಟ್ಟರು. ಅವರಿಗಾಗ ಕೇವಲ ೨೭ ವರ್ಷ. ಅವರ ತಮ್ಮ ನಾರಾಯಣರಾಯರು ಪೇಶವೆಯಾದರು. ಆತನಿಗೆ ಆಗ ೧೭ ವರ್ಷ. ಚಿಕ್ಕಪ್ಪನಾದ ರಘುನಾಥರಾಯರು, ಅಂದರೆ ರಾಘೋಬಾದಾದಾ, ಬಹಳ ದಿನಗಳಿಂದ ಗಾದಿಯ ಮೇಲೆ ಕಣ್ಣಿಟ್ಟಿದ್ದವರು. ಅವರನ್ನು ಶನಿವಾರವಾಡೆಯಲ್ಲಿಯೇ ಕಾವಲಿನಲ್ಲಿ ಇಡಲಾಗಿತ್ತು.

೧೭೭೩ರ ಆಗಸ್ಟ ೩೦. ಊರಲ್ಲಿ ಗಣಪತಿಯ ಹಬ್ಬದ ದಿನಗಳು. ವಾಡೆಯ ಕಾವಲಿಗಿದ್ದ ಗಾರ್ದಿ ಸಿಪಾಯಿಗಳು ಬಾಕಿ ಸಂಬಳದ ನೆಪದಿಂದ ದಂಗೆಯೆದ್ದು ಒಳಗೆ ನುಗ್ಗಿದರು. ತರುಣ ಪೇಶವೆಯು ಓಡಿಹೋಗಿ ಚಿಕ್ಕಪ್ಪನನ್ನು ಅಪ್ಪಿಕೊಂಡು ರಕ್ಷಣೆ ಬೇಡಿದನು. ರಕ್ಷಣೆ ದೊರೆಯಲಿಲ್ಲ. ಅಲ್ಲಿಯೇ ಆತನನ್ನು ಕಡಿದು ಕೊಂದರು. ಶನಿವಾರವಾಡೆಯನ್ನು ನೋಡಲು ಹೋದಾಗ ನಾವು ಕಾಣುವ ನಾರಾಯಣ ದರವಾಜೆಯ ಮೂಲಕ ಆತನ ದೇಹವನ್ನು ಹೊರಗೆ ಸಾಗಿಸಿದರೆಂದು ಹೇಳುತ್ತಾರೆ.

ಕೊಲೆಯಾದ ಮರುಕ್ಷಣದಿಂದ ಅಧಿಕಾರವೆಲ್ಲ ರಾಘೋಬಾದಾದಾನ ಕೈಗೆ ಬಂದಿತು. ಆತನನ್ನು ಎದುರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಎಷ್ಟೋ ದೊಡ್ಡ ಮನುಷ್ಯರು ಹೊಸ ಧನಿಗೆ ಮುಜರೆ ಸಲ್ಲಿಸಲು ಸಾಲುಗಟ್ಟಿದರು. ರಾಮಶಾಸ್ತ್ರಿಗಳು ಮಾತ್ರ ಕಾಗದಪತ್ರಗಳನ್ನೂ ಸಾಕ್ಷಿಗಳನ್ನೂ ಕೂಡಿಸತೊಡಗಿದರು. ಸುಮಾರು ಆರು ವಾರಗಳ ಕಾಲ ಅವರು ಮೌನವಾಗಿ ಶೋಧಿಸಿದರೆಂದು ಇತಿಹಾಸವು ತಿಳಿಸುತ್ತದೆ. ಗಾರ್ದಿಗಳಿಗೆ ರಾಘೋಬಾನ ಲಿಖಿತ ಅಪ್ಪಣೆಯಿತ್ತೆಂಬದು ಹೊರಬಿದ್ದಿತು. ಆ ಪತ್ರದಲ್ಲಿ ಮೊದಲು ಹಿಡಿಯಬೇಕು ಎಂಬರ್ಥದ ಧರಾವೇ ಎಂಬ ಶಬ್ದವಿತ್ತೆಂದೂ, ಧಕಾರವನ್ನು ತಿದ್ದಿ ಕೊಲ್ಲಬೇಕು ಎಂಬರ್ಥದ ಮಾರಾವೇ ಎಂದು ಮಾಡಲಾಯಿತೆಂದೂ, ತಿದ್ದಿದವಳು ರಾಘೋಬಾನ ಪತ್ನಿ ಆನಂದೀಬಾಯಿಯೆಂದೂ ಹೇಳಿಕೆಯಿದೆ. ಅಕ್ಷರ ತಿದ್ದಿದ ಮಾತನ್ನು ಇತಿಹಾಸಕಾರರೆಲ್ಲ ಒಪ್ಪುವದಿಲ್ಲ. ಆದರೆ ಒಳಸಂಚಿನ ಬೇರು ಆ ಮನೆಯಲ್ಲಿಯೇ ಇತ್ತೆಂಬ ನಿರ್ಣಯಕ್ಕೆ ನ್ಯಾಯಾಧೀಶರು ಬಂದರು.

ರಾಮಶಾಸ್ತ್ರಿಗಳು ನೆಟ್ಟಗೆ ರಾಘೋಬಾನ ಬಳಿಗೆ ಹೋಗಿ ಅಪರಾಧವನ್ನು ಮುಖದೆದುರಿಗೆ ಹೇಳಿದರು. ತಾನು ಹಿಡಿಯಲು ಮಾತ್ರ ಅಪ್ಪಣೆ ಕೊಟ್ಟಿದ್ದೆನೆಂದು ರಾಘೋಬಾ ಒಪ್ಪಿಕೊಂಡು, ಇದಕ್ಕೆ ಪ್ರಾಯಶ್ಚಿತ್ತವೇನೆಂದು ಕೇಳಿದನು. ಪೂಜೆ, ದಾನ, ತೀರ್ಥಯಾತ್ರೆಗಳನ್ನು ಹೇಳಿಬಿಡುವದು ಎಷ್ಟು ಸುಲಭವಾಗಿತ್ತು! ಹಾಗೆ ಹೇಳಿದ್ದರೆ ಶಾಸ್ತ್ರಿಗಳಿಗೆ ಜಹಗೀರಿಗಳು ಬರುತ್ತಿದ್ದವು. ಆದರೆ ಅವರು, ಈ ಪಾಪಕ್ಕೆ ದೇಹಾಂತವೊಂದೇ ಪ್ರಾಯಶ್ಚಿತ್ತ, ಇನ್ನಾವ ಪ್ರಾಯಶ್ಚಿತ್ತದಿಂದಲೂ ಅವರ ಬಾಳಿಗೂ ರಾಜ್ಯಕ್ಕೂ ಶ್ರೇಯಸ್ಸು ದೊರೆಯದು ಎಂದು ತೀರ್ಪು ಕೊಟ್ಟರು. ಇಂಥವರು ಆಳುವವರೆಗೆ ತಾವು ಪುಣೆಯಲ್ಲಿ ಕಾಲಿಡುವದಿಲ್ಲವೆಂದು ತಿಳಿಸಿ, ಅಧಿಕಾರದ ಚಿಹ್ನೆಗಳನ್ನು ಬಿಟ್ಟು, ವಾಯಿ ಪಟ್ಟಣದ ಹತ್ತಿರದ ಒಂದು ಹಳ್ಳಿಗೆ ಹೋಗಿ ನೆಲೆಸಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಪರಾಧಿಯು ಗಾದಿಯ ಮೇಲೆಯೇ ಉಳಿದನು, ನ್ಯಾಯಾಧೀಶರು ಹಳ್ಳಿಗೆ ಹೋದರು. ಹಾಗಾದರೆ ಆ ತೀರ್ಪಿನಿಂದ ಆದುದೇನು? ಗಲ್ಲಿಗೇರಿಸುವವರಿಲ್ಲದ ಗಲ್ಲಿನ ತೀರ್ಪು ಯಾರಿಗೆ ಬೇಕು?

ಮುಂದೆ ನಡೆದ ಸಂಗತಿಗಳೇ ಇದಕ್ಕೆ ಉತ್ತರ ಕೊಡುತ್ತವೆ. ರಾಜ್ಯದ ಅತ್ಯುಚ್ಚ ನ್ಯಾಯಪೀಠವು ಕೊಲೆಗಾರನೆಂದು ಸಾರಿದವನ ಆಜ್ಞೆಯಲ್ಲಿ ನಡೆಯಲು ಜನರ ಮನಸ್ಸು ಒಪ್ಪಲಿಲ್ಲ. ರಾಘೋಬಾ ದಕ್ಷಿಣದ ದಂಡಯಾತ್ರೆಗೆ ಹೊರಟಾಗ ಸಖಾರಾಮ ಬಾಪು, ನಾನಾ ಫಡ್ನವೀಸ ಮೊದಲಾದ ಮುತ್ಸದ್ದಿಗಳು ಒಂದೊಂದು ನೆಪದಿಂದ ಅವನನ್ನು ಬಿಟ್ಟು ಹಿಂದಿರುಗಿದರು. ಬಾರಭಾಯಿ ಎಂಬ ಅವರ ಒಕ್ಕೂಟವು ನಾರಾಯಣರಾಯರ ಗರ್ಭಿಣಿಯಾದ ವಿಧವೆ ಗಂಗಾಬಾಯಿಯವರನ್ನು ಪುರಂದರ ಕೋಟೆಯಲ್ಲಿ ಕಾಪಾಡಿತು. ೧೭೭೪ರ ಏಪ್ರಿಲ್ ೧೮ರಂದು ಅಲ್ಲಿ ಗಂಡು ಮಗು ಹುಟ್ಟಿತು. ನಲವತ್ತೇ ದಿನಗಳ ಆ ಹಸುಳೆಯನ್ನು ಸವಾಯಿ ಮಾಧವರಾಯರೆಂದು ಪೇಶವೆಯಾಗಿ ಸಾರಿದರು. ತೊಟ್ಟಿಲಲ್ಲಿರುವ ಮಗುವಿಗೆ ಸರದಾರರು ತಲೆಬಾಗಿದರು, ಶೂರನೆಂದು ಹೆಸರಾದ ರಾಘೋಬಾನಿಗೆ ಬಾಗಲಿಲ್ಲ! ಆತ ಇಂಗ್ಲಿಷರ ಆಶ್ರಯಕ್ಕೆ ಓಡಿದನು. ೧೭೭೫ರಲ್ಲಿ ಸೂರತದಲ್ಲಿ ಅವರೊಡನೆ ಒಪ್ಪಂದ ಮಾಡಿಕೊಂಡು ರಾಜ್ಯದ ಮೇಲೆ ಯುದ್ಧವನ್ನೇ ತಂದನು. ೧೭೮೨ರ ಸಾಲಬಾಯಿ ಒಪ್ಪಂದದಲ್ಲಿ ಇಂಗ್ಲಿಷರೂ ಅವನನ್ನು ಕೈಬಿಟ್ಟರು. ಪಿಂಚಣಿಯ ಮೇಲೆ ಬದುಕಿ, ೧೭೮೩ರಲ್ಲಿ ಕೋಪರಗಾಂವದಲ್ಲಿ ಆತ ತೀರಿಕೊಂಡನು. ರಾಜಕಾರಣದ ಬೇರೆ ಕಾರಣಗಳೂ ಇದಕ್ಕೆ ಇದ್ದವೆಂಬದು ನಿಜ. ಆದರೆ ಅವನ ಗಾದಿಯ ಕೆಳಗಿನ ನೆಲವನ್ನು ಮೊದಲು ಕುಸಿಯಿಸಿದ್ದು ಒಬ್ಬ ನಿಶ್ಶಸ್ತ್ರ ಪಂಡಿತನ ಮಾತು ಎಂದು ನಾವು ತಿಳಿಯುತ್ತೇವೆ.

ಬಾರಭಾಯಿಗಳ ಆಡಳಿತ ಸ್ಥಿರವಾದ ಮೇಲೆ ರಾಮಶಾಸ್ತ್ರಿಗಳನ್ನು ಮರ್ಯಾದೆಯಿಂದ ಮರಳಿ ಕರೆದು ಮೊದಲಿನ ಪದವಿಯನ್ನು ಒಪ್ಪಿಸಿದರು. ಅಲ್ಲಿಂದ ಕೊನೆಯವರೆಗೆ ಅವರು ಪೀಠವನ್ನು ನಡೆಸಿ, ೧೭೮೯ರಲ್ಲಿ ದೇಹವನ್ನು ಬಿಟ್ಟರು. ಪೇಶವೆಯರ ರಾಜ್ಯ ೧೮೧೮ರಲ್ಲಿ ಅಳಿಯಿತು. ಶನಿವಾರವಾಡೆಯ ಅರಮನೆಗಳು ೧೮೨೮ರ ಬೆಂಕಿಯಲ್ಲಿ ಉರಿದುಹೋದವು. ಆದರೆ ಶಾಸ್ತ್ರಿಗಳ ಹೆಸರು ಮಾಸಲಿಲ್ಲ. ಪುಣೆಯ ಪ್ರಭಾತ ಚಿತ್ರಸಂಸ್ಥೆಯು ೧೯೪೪ರಲ್ಲಿ ಅವರ ಜೀವನವನ್ನು ಚಲಚ್ಚಿತ್ರವಾಗಿ ತೆಗೆದು ಮತ್ತೊಂದು ತಲೆಮಾರಿಗೆ ಅವರನ್ನು ಪರಿಚಯಿಸಿತು.

ಹಿರಿಯರನ್ನು ಗೌರವಿಸುವಾಗ ಅವರ ಕಾಲದ ಕುಂದುಗಳನ್ನು ಮರೆಮಾಚಬಾರದು. ರಾಮಶಾಸ್ತ್ರಿಗಳು ಪಕ್ಷಪಾತ ಮಾಡಲಿಲ್ಲ, ಆದರೆ ಅವರು ಕೈಯಲ್ಲಿ ಹಿಡಿದಿದ್ದ ಶಾಸ್ತ್ರದಲ್ಲಿಯೇ ಪಕ್ಷಪಾತವಿತ್ತು. ಜಾತಿಯನ್ನು ನೋಡಿ ದಂಡ ಹೆಚ್ಚುಕಡಿಮೆಯಾಗುತ್ತಿತ್ತು. ಅಸ್ಪೃಶ್ಯರೆಂದು ದೂರವಿಟ್ಟವರಿಗೂ ಸ್ತ್ರೀಯರಿಗೂ ಸಮಾನವಾದ ಹಕ್ಕುಗಳಿರಲಿಲ್ಲ. ಸಾಕ್ಷಿ ಸಿಗದಿದ್ದಾಗ ಕಾದ ಕಬ್ಬಿಣವನ್ನು ಹಿಡಿಯುವಂಥ ದಿವ್ಯಗಳನ್ನು ಮಾಡಿಸುವ ರೂಢಿಯೂ ಆ ರಾಜ್ಯದಲ್ಲಿತ್ತು. ಒಳ್ಳೆಯ ನ್ಯಾಯಾಧೀಶನಿದ್ದರೆ ಸಾಲದು, ಒಳ್ಳೆಯ ಕಾನೂನೂ ಬೇಕು. ಡಾಕ್ಟರ ಅಂಬೇಡಕರ ಮೊದಲಾದವರು ಸಿದ್ಧಪಡಿಸಿದ ನಮ್ಮ ಸಂವಿಧಾನವು ೧೯೫೦ರ ಜನವರಿ ೨೬ರಿಂದ ಎಲ್ಲರನ್ನೂ ಕಾನೂನಿನ ಮುಂದೆ ಸಮಾನರನ್ನಾಗಿ ಮಾಡಿತು. ವಿಜ್ಞಾನೇಶ್ವರನ ಮಿತಾಕ್ಷರೆ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲನ್ನು ಕೊಟ್ಟದ್ದು ಗಂಡುಮಕ್ಕಳಿಗೆ. ೨೦೦೫ರ ಕಾಯದೆಯು ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಕ್ಕು ಅವರಿಗೂ ಹುಟ್ಟಿನಿಂದಲೇ ಬರುವದೆಂದು ಸ್ಪಷ್ಟಪಡಿಸಿತು. ನಮ್ಮ ತರಗತಿಯ ಅಕ್ಕತಂಗಿಯರಿಗೆ ಇದು ಪುಸ್ತಕದ ಮಾತಲ್ಲ, ಮನೆಯ ಮಾತು.

ಆ ಸರ್ವೋಚ್ಚ ನ್ಯಾಯಾಲಯವು ದಿಲ್ಲಿಯಲ್ಲಿದೆ. ೧೯೫೦ರಲ್ಲಿ ೮ ಜನ ನ್ಯಾಯಮೂರ್ತಿಗಳ ಮಿತಿಯಿಂದ ಅದು ಪ್ರಾರಂಭವಾಯಿತು. ೨೦೧೯ರಲ್ಲಿ ಆ ಮಿತಿಯನ್ನು ೩೪ಕ್ಕೆ ಏರಿಸಲಾಯಿತು. ತಾಲೂಕು, ಜಿಲ್ಲೆಗಳ ನ್ಯಾಯಾಲಯಗಳಿಂದ ಹೊರಟ ವ್ಯಾಜ್ಯವು ರಾಜ್ಯದ ಉಚ್ಚ ನ್ಯಾಯಾಲಯವನ್ನು ದಾಟಿ ಅಲ್ಲಿಗೆ ಮುಟ್ಟಬಹುದು. ಮೂಲಭೂತ ಹಕ್ಕಿಗೆ ಧಕ್ಕೆ ಬಂದರೆ ಸಾಮಾನ್ಯನೂ ನೇರವಾಗಿ ಅಲ್ಲಿ ಮೊರೆಯಿಡಬಹುದು. ಅದು ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳನ್ನೂ ಬಂಧಿಸುತ್ತದೆ. ರಾಮಶಾಸ್ತ್ರಿಗಳಿಗೆ ಪೇಶವೆಯರು ಮುನಿದರೆ ಹಳ್ಳಿಯೇ ಗತಿಯಾಗಿತ್ತು. ಇಂದಿನ ನ್ಯಾಯಮೂರ್ತಿಗಳನ್ನು ೬೫ ವರ್ಷ ತುಂಬುವವರೆಗೆ ಸರಕಾರವು ತನ್ನಿಚ್ಛೆಯಂತೆ ತೆಗೆಯುವಂತಿಲ್ಲ. ಸಂಸತ್ತಿನ ಎರಡೂ ಸದನಗಳು ವಿಶೇಷ ಬಹುಮತದಿಂದ ಕೇಳಿಕೊಂಡರೆ ಮಾತ್ರ ತೆಗೆಯಬಹುದು. ಆದರೆ ಒಂದು ವಿಷಯದಲ್ಲಿ ಎರಡೂ ಪೀಠಗಳು ಸಮಾನವಾಗಿವೆ. ಈ ನ್ಯಾಯಾಲಯಕ್ಕೂ ತನ್ನ ಸೈನ್ಯವಿಲ್ಲ. ಅದರ ಆಜ್ಞೆಯನ್ನು ನಡೆಸಿಕೊಡುವದು ಎಲ್ಲ ಅಧಿಕಾರಿಗಳ ಕರ್ತವ್ಯವೆಂದು ಸಂವಿಧಾನ ಹೇಳುತ್ತದೆ; ಆ ಮಾತಿಗೆ ಜೀವ ತುಂಬುವದು ಜನರ ನಂಬಿಗೆ.

ನಾರಾಯಣರಾಯರ ಕೊಲೆಯಾಗಿ ಸರಿಯಾಗಿ ಇನ್ನೂರನೆಯ ವರ್ಷ, ೧೯೭೩ರಲ್ಲಿ, ಈ ನ್ಯಾಯಾಲಯದ ಮುಂದೆ ಒಂದು ಕಠಿಣ ಪ್ರಸಂಗ ಬಂದಿತು. ಅದರ ಮೂಲವಿದ್ದುದು ಕನ್ನಡಿಗರ ಕಾಸರಗೋಡಿನಲ್ಲಿ. ಅಲ್ಲಿಯ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಮಠದ ಭೂಮಿಯ ಬಗೆಗೆ ಕೇರಳ ಸರಕಾರದ ವಿರುದ್ಧ ದಾವೆ ಹೂಡಿದ್ದರು. ವಿಚಾರಣೆ ಬೆಳೆದು, ಸಂಸತ್ತು ಸಂವಿಧಾನವನ್ನು ತನಗೆ ಬೇಕಾದಂತೆ ತಿದ್ದಬಹುದೇ ಎಂಬ ಮಹಾಪ್ರಶ್ನೆಯಾಯಿತು. ೧೩ ಜನ ನ್ಯಾಯಮೂರ್ತಿಗಳು ೬೮ ದಿನ ಕೇಳಿ, ಏಪ್ರಿಲ್ ೨೪ರಂದು, ೭ಕ್ಕೆ ೬ರ ಬಹುಮತದಿಂದ ತೀರ್ಪು ಕೊಟ್ಟರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬದು ಅದರ ಸಾರ. ಆ ಬಹುಮತದಲ್ಲಿದ್ದವರಲ್ಲಿ ಕಾರ್ಕಳ ಸೀಮೆಯ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು ಒಬ್ಬರು. ತೀರ್ಪಿನ ಬೆನ್ನಿಗೇ ಸರಕಾರವು ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ಬಿಟ್ಟು ಅವರಿಗಿಂತ ಕಿರಿಯರಾದವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿತು. ಮೂವರೂ ತಮ್ಮ ಸ್ಥಾನಗಳನ್ನು ತ್ಯಜಿಸಿ ಹೊರಬಂದರು. ವಾಯಿಯ ಹಳ್ಳಿಯ ದಾರಿ ಹಿಡಿದ ಶಾಸ್ತ್ರಿಗಳ ನೆನಪು ಇಲ್ಲಿ ಯಾರಿಗೆ ಬಾರದು? ಅವರು ಹೊರಗೆ ಹೋದರು, ತೀರ್ಪು ಉಳಿಯಿತು. ಇಂದಿಗೂ ಸಂವಿಧಾನದ ತಿದ್ದುಪಡಿಗಳನ್ನು ಅದರ ಒರೆಗಲ್ಲಿನ ಮೇಲೆಯೇ ತಿಕ್ಕಿ ನೋಡುತ್ತಾರೆ.

ಮಿತ್ರರೇ, ಹಿಂದೆ ಪಂಚರ ಮುಂದೆ ಹೋಗುವವರು ಮೊದಲೇ ರಾಜೀನಾಮೆ ಬರೆದು ಕೊಡುತ್ತಿದ್ದ ಸಂಗತಿಯನ್ನು ಮೇಲೆ ಹೇಳಿದೆವು. ನಮ್ಮ ಸಂವಿಧಾನವು ಇಡೀ ದೇಶದ ಜನರು ಬರೆದುಕೊಟ್ಟ ಅಂಥ ಒಂದು ಒಪ್ಪಿಗೆಯ ಪತ್ರವೇ. ಗೆದ್ದಾಗ ನ್ಯಾಯವನ್ನು ಹೊಗಳುವದು ಎಲ್ಲರಿಗೂ ಬರುತ್ತದೆ. ಸೋತಾಗ, ತೀರ್ಪನ್ನು ವಾದದಿಂದ ಪ್ರಶ್ನಿಸುವ ಹಕ್ಕನ್ನು ಇಟ್ಟುಕೊಂಡೇ ಅದಕ್ಕೆ ತಲೆಬಾಗುವದು ಕಷ್ಟ. ಆಟದ ಬಯಲಿನಲ್ಲಿ ಪಂಚನು ನಮ್ಮನ್ನು ಔಟೆಂದು ಸಾರಿದಾಗ ಬ್ಯಾಟು ಎಸೆದು ಜಗಳ ತೆಗೆಯುವ ನಾವು, ಗೆಳೆಯನೇ ತಪ್ಪು ಮಾಡಿದಾಗ ಗುರುಗಳ ಮುಂದೆ ಮೌನವಾಗುವ ನಾವು, ರಾಮಶಾಸ್ತ್ರಿಗಳಿಂದ ಕಲಿಯಬೇಕಾದುದು ಬಹಳಷ್ಟಿದೆ.

ಮುಂದಿನ ಸಲ ರಾಂಜಣಗಾಂವಕ್ಕೆ ಹೋದಾಗ ಮಹಾಗಣಪತಿಗೆ ಕೈಮುಗಿದು, ಅಲ್ಲಿ ಪೂಜೆ ಸಲ್ಲಿಸಿದ ಮಾಧವರಾಯರನ್ನು ಸ್ಮರಿಸೋಣ. ಅವರೊಡನೆ, ಜಪದಿಂದ ಅವರನ್ನು ಎಬ್ಬಿಸಿ ಪ್ರಜೆಗಳ ಕಡೆಗೆ ತಿರುಗಿಸಿದ ಆ ಬಡ ನ್ಯಾಯಾಧೀಶರನ್ನೂ ಸ್ಮರಿಸೋಣ.